‘ವರದಿ ಸಂಜೆಗೆ ಬರಲಿ’: ಅರಮಾಕಿಯವರ ಮಾತನ್ನು ಕನ್ನಡಕ್ಕೆ ತಂದ ಒಂದು ಪ್ರಕರಣ

ಹಿನ್ನೆಲೆ

ಜಪಾನಿನ ಅನಿಮೆ (ಆನಿಮೇಷನ್) ಸರಣಿಯೊಂದರ ಒಂದೇ ಒಂದು ಕಂತಿಗೆ ಕನ್ನಡ ಸಬ್‌ಟೈಟಲ್ ಬರೆಯಲು ಕುಳಿತ ಐವರ ಚಿಕ್ಕ ಗುಂಪು, ಅದರಲ್ಲಿನ ಹಿರಿಯ ಅಧಿಕಾರಿ ಅರಮಾಕಿಯವರ ಮಾತಿನ ಎದುರು ನಾಲ್ಕು ತಿಂಗಳು ಹೇಗೆ ತಡವರಿಸಿತು, ಎಲ್ಲೆಲ್ಲಿ ತಪ್ಪಿತು ಮತ್ತು ಯಾವ ತೀರ್ಮಾನಗಳಿಂದ ದಾರಿ ಕಂಡುಕೊಂಡಿತು ಎಂಬುದನ್ನು ಈ ಬರಹ ದಾಖಲಿಸುತ್ತದೆ. ಗುಂಪಿನಲ್ಲಿ ನಾನೂ ಒಬ್ಬನಾಗಿದ್ದೆ. ಉಳಿದವರ ಗುರುತು ಸಿಗಬಾರದೆಂದು ಹೆಸರು, ಊರು, ಉದ್ಯೋಗದ ವಿವರಗಳನ್ನು ಬಿಟ್ಟು, ಪ್ರತಿಯೊಬ್ಬರನ್ನೂ ಅವರು ಮಾಡಿದ ಕೆಲಸದಿಂದಲೇ ಕರೆದಿದ್ದೇನೆ. ಕಂತಿನ ಹಕ್ಕು ನಮ್ಮದಲ್ಲವಾದ್ದರಿಂದ ಸಬ್‌ಟೈಟಲನ್ನು ಅಭ್ಯಾಸಕ್ಕೆ ಮಾತ್ರ ಬಳಸುವುದು, ಹೊರಗೆ ಯಾರಿಗೂ ಹಂಚದಿರುವುದು ಎಂದು ಮೊದಲ ದಿನವೇ ಒಪ್ಪಿಕೊಂಡಿದ್ದೆವು.

ನಾವು ಆರಿಸಿಕೊಂಡದ್ದು ಕೆಂಜಿ ಕಮಿಯಾಮಾ ನಿರ್ದೇಶನದಲ್ಲಿ 2002ರಲ್ಲಿ ಪ್ರಸಾರ ಆರಂಭಿಸಿದ, 26 ಕಂತುಗಳ ‘ಘೋಸ್ಟ್ ಇನ್ ದ ಶೆಲ್: ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್’ ಸರಣಿಯ 17ನೆಯ ಕಂತು. ಸೈಬರ್‌ಪಂಕ್ ಬಗೆಯ ಈ ಕಥಾಲೋಕದಲ್ಲಿ ಮನುಷ್ಯರ ಮಿದುಳು ನೇರವಾಗಿ ಜಾಲಕ್ಕೆ ಜೋಡಣೆಯಾಗಿರುತ್ತದೆ ಮತ್ತು ಕೈಕಾಲುಗಳಷ್ಟೇ ಅಲ್ಲ, ಇಡೀ ದೇಹವನ್ನೇ ಯಂತ್ರದ ದೇಹಕ್ಕೆ ಬದಲಾಯಿಸಿಕೊಂಡವರು ಇರುತ್ತಾರೆ. ಅಲ್ಲಿನ ಭಯೋತ್ಪಾದನೆ ಮತ್ತು ಸೈಬರ್ ಅಪರಾಧಗಳನ್ನು ತಡೆಯಲು ಇರುವ ಗುಪ್ತ ಪಡೆಯ ಹೆಸರು ‘ಸಾರ್ವಜನಿಕ ಭದ್ರತೆ, ವಿಭಾಗ 9’. ಅದರ ಮುಖ್ಯಸ್ಥರು ದೈಸುಕೆ ಅರಮಾಕಿ. ಮಸಮುನೆ ಶಿರೊ 1989ರಲ್ಲಿ ಬರೆಯತೊಡಗಿದ ಮಂಗಾದಲ್ಲಿ (ಜಪಾನಿ ಚಿತ್ರಕಥೆಯಲ್ಲಿ) ಹುಟ್ಟಿದ ಈ ಪಾತ್ರ, 1995ರಲ್ಲಿ ಮಮೊರು ಒಶಿಯಿ ನಿರ್ದೇಶಿಸಿದ ಚಲನಚಿತ್ರದಲ್ಲಿಯೂ ಆಮೇಲಿನ ಸರಣಿಗಳಲ್ಲಿಯೂ ಬೆಳೆಯುತ್ತ ಬಂದಿದೆ. ಕುಳ್ಳಗಿನ ಮೈಕಟ್ಟು, ಬೋಳು ನೆತ್ತಿ, ಕಿವಿಯ ಪಕ್ಕದಲ್ಲಿ ಹಿಂದಕ್ಕೆ ಚಾಚಿದ ಬಿಳಿಗೂದಲು. ಮಂಗಾದಲ್ಲಿ ಕೈಕೆಳಗಿನವರೇ ಅವರ ಮುಖವನ್ನು ಕೋತಿಗೆ ಹೋಲಿಸುತ್ತಾರೆ. ಸುತ್ತಲಿನವರು ಉಕ್ಕಿನ ದೇಹ ತೊಟ್ಟು ಗೋಡೆ ಹಾರುತ್ತಿರುವಾಗ, ಇವರು ಮುದಿತನದ ದೇಹವನ್ನು ಹಾಗೆಯೇ ಇಟ್ಟುಕೊಂಡು ಮೇಜಿನ ಹಿಂದೆ ಕುಳಿತಿರುತ್ತಾರೆ. ಮಂತ್ರಿಗಳ ಒತ್ತಡ, ಬೇರೆ ಇಲಾಖೆಗಳ ಅಸೂಯೆ, ರಾಜಕೀಯದ ಲೆಕ್ಕಾಚಾರ ಎಲ್ಲವೂ ಆ ಮೇಜಿಗೆ ಬಂದು ನಿಲ್ಲುತ್ತವೆಯೇ ಹೊರತು ತಂಡದವರೆಗೆ ಇಳಿಯುವುದು ಅಪರೂಪ.

ಗುಂಪಿನಲ್ಲಿ ಇದ್ದವರು ಇವರು: ಕನ್ನಡದಲ್ಲಿ ಪಳಗಿದ ಅನುವಾದಕಿಯೊಬ್ಬರು, ಜಪಾನಿ ಭಾಷೆಯನ್ನು ಕ್ರಮವಾಗಿ ಕಲಿತ ಒಬ್ಬರು, ಸಾಲುಗಳನ್ನು ದೃಶ್ಯದ ಸಮಯಕ್ಕೆ ಹೊಂದಿಸುವ ಯುವಕ, ಕರಡನ್ನು ತಿದ್ದುವ ನಾನು, ಮತ್ತು ಪ್ರೇಕ್ಷಕರನ್ನು ಕೂಡಿಸಿ ಅಭಿಪ್ರಾಯ ಬರೆದುಕೊಳ್ಳುವ ಇನ್ನೊಬ್ಬರು. ಆರನೆಯವರು ನಡುವೆ ಬಂದರು. ಅವರಿಂದಲೇ ಈ ಪ್ರಕರಣ ತಿರುವು ಪಡೆಯಿತು.

ತೊಡಕು

ಮೊದಲ ಕರಡನ್ನು ನಾವು ಇಂಗ್ಲಿಷ್ ಸಬ್‌ಟೈಟಲಿನಿಂದ ಮಾಡಿದೆವು. ಕೆಲಸ ಬೇಗ ಮುಗಿಯಲೆಂಬ ಆಸೆಯೇ ಅದಕ್ಕೆ ಕಾರಣವಾಗಿತ್ತು. ಹಾಗೆ ಮಾಡಬಾರದಿತ್ತು ಎಂಬುದು ಆಮೇಲೆ ತಿಳಿಯಿತು. ಇಂಗ್ಲಿಷಿನಲ್ಲಿ ಎದುರಿನವರು ಯಾರೇ ಆಗಿರಲಿ, ಸಂಬೋಧನೆಯ ಪದ ಒಂದೇ ಮತ್ತು ಆಜ್ಞೆಯ ಕ್ರಿಯಾರೂಪವೂ ಒಂದೇ. ಕನ್ನಡದಲ್ಲಿ ಬಾಯಿ ತೆರೆಯುವ ಮೊದಲೇ ‘ನೀನು’ ಅಥವಾ ‘ನೀವು’ ಎಂಬ ತೀರ್ಮಾನ ಆಗಿರಬೇಕು, ‘ಮಾಡು’ ಅಥವಾ ‘ಮಾಡಿ’ ಎಂಬುದು ಗೊತ್ತಿರಬೇಕು. ಆ ತೀರ್ಮಾನಕ್ಕೆ ಬೇಕಾದ ಸುಳಿವುಗಳನ್ನು ಇಂಗ್ಲಿಷ್ ಪಾಠ ನಮಗೆ ಕೊಡಲಿಲ್ಲ. ಭದ್ರತಾ ಪಡೆಯ ಮುಖ್ಯಸ್ಥ ಎಂದಮೇಲೆ ಗದರುವವನೇ ಇರಬೇಕೆಂದು ನಾವೇ ಊಹಿಸಿಕೊಂಡು ಎಲ್ಲ ಕಡೆ ‘ನೀನು’ ಹಾಕಿದೆವು. ‘ಏನು ನೋಡ್ತಾ ನಿಂತಿದ್ದೀಯ, ಹೊರಡು’ ಎಂಬಂಥ ಸಾಲುಗಳು ಬಂದವು. ಅವುಗಳನ್ನು ಬರೆಯುವಾಗ ನಮಗೆ ಹುರುಪೇ ಇತ್ತು.

ಏಳು ಜನರನ್ನು ಕೂಡಿಸಿ ತೋರಿಸಿದಾಗ ಹುರುಪು ಇಳಿಯಿತು. ಅವರಲ್ಲಿ ಒಬ್ಬರು, ಪರದೆಯಲ್ಲಿ ಮಾತನಾಡುವ ಮನುಷ್ಯನೇ ಬೇರೆ, ಕೆಳಗೆ ಬರುವ ಅಕ್ಷರಗಳ ಮನುಷ್ಯನೇ ಬೇರೆ ಎಂದರು. ಆ ಮಾತು ಸರಿಯಾಗಿತ್ತು. ಈ ಸರಣಿಯಲ್ಲಿ ಅರಮಾಕಿಯವರಿಗೆ ದನಿ ಕೊಟ್ಟ ಒಸಾಮು ಸಾಕಾ ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. 1995ರ ಚಿತ್ರದಲ್ಲಿ ದನಿ ಕೊಟ್ಟ ತಾಮಿಯೊ ಓಕಿ ಅವರೂ ಅರವತ್ತು ದಾಟಿದವರು. ಆ ದನಿಗಳಲ್ಲಿ ವಯಸ್ಸಿನ ಒರಟುತನವಿದೆ, ಆದರೆ ಏರಿಕೆ ಇಲ್ಲ. ಕೆಳದನಿಯಲ್ಲಿ ಹೇಳಿದ ಮಾತಿಗೆ ನಾವು ಕೂಗಾಟದ ಅಕ್ಷರಗಳನ್ನು ಅಂಟಿಸಿದ್ದೆವು.

ಎರಡನೆಯ ಕರಡು

ಜಪಾನಿ ಬಲ್ಲವರು ಆಗ ಮೂಲ ಸಂಭಾಷಣೆಯನ್ನು ಒಂದೊಂದೇ ಸಾಲಾಗಿ ಬರೆದುಕೊಟ್ಟರು. ಅವರು ತೋರಿಸಿದ ಮೊದಲ ಸಂಗತಿಯೇ ನಮ್ಮ ಊಹೆಯನ್ನು ಕೆಡವಿತು. ಇಂಗ್ಲಿಷಿನಲ್ಲಿ ‘ಚೀಫ್’ ಎಂದು ಬರುವ ಕಡೆ ಸರಣಿಯಲ್ಲಿರುವುದು ‘ಕಾಚೋ’ ಎಂಬ ಪದ. 1995ರ ಚಿತ್ರದಲ್ಲಿ ಅದೇ ವ್ಯಕ್ತಿಯನ್ನು ‘ಬುಚೋ’ ಎನ್ನುತ್ತಾರೆ. ಎರಡೂ ಸೇನೆಯ ಪದವಿಗಳಲ್ಲ. ಜಪಾನಿನ ಯಾವುದೇ ಸರ್ಕಾರಿ ಕಚೇರಿಯಲ್ಲಿ, ಸೋಪು ಮಾರುವ ಕಂಪನಿಯಲ್ಲಿ ಕೂಡ ವಿಭಾಗದ ಮುಖ್ಯಸ್ಥನನ್ನು, ಇಲಾಖೆಯ ಮುಖ್ಯಸ್ಥನನ್ನು ಕರೆಯುವ ದಿನಬಳಕೆಯ ಹುದ್ದೆಯ ಹೆಸರುಗಳು ಅವು. ತಂಡದ ನಾಯಕಿ ಮೋಟೊಕೊ ಕುಸಾನಗಿಗೆ ಮಾತ್ರ ‘ಶೋಸಾ’, ಅಂದರೆ ಮೇಜರ್, ಎಂಬ ಸೇನಾ ಪದವಿಯ ಸಂಬೋಧನೆ ಇದೆ. ಹೀಗೆ ಬಂದೂಕು ಹಿಡಿದು ನುಗ್ಗುವವಳಿಗೆ ಸೇನೆಯ ಹೆಸರು, ಅವಳನ್ನು ಕಳಿಸುವವರಿಗೆ ಕಚೇರಿಯ ಹೆಸರು. ಅರಮಾಕಿಯವರು ಮೊದಲು ಕಚೇರಿಯ ಮನುಷ್ಯ ಎಂಬುದು ಈ ಎರಡು ಪದಗಳಲ್ಲೇ ಇತ್ತು ಮತ್ತು ಇಂಗ್ಲಿಷಿನಲ್ಲಿ ಅಳಿಸಿಹೋಗಿತ್ತು.

ಇಲ್ಲಿಗೆ ನಾವು ಇನ್ನೊಂದು ತುದಿಗೆ ಹಾರಿದೆವು. ಎರಡನೆಯ ಕರಡಿನಲ್ಲಿ ಎಲ್ಲರೂ ಎಲ್ಲರಿಗೂ ‘ನೀವು’ ಎಂದರು, ‘ದಯವಿಟ್ಟು’ ಧಾರಾಳವಾಗಿ ಬಂತು, ಕಾಚೋ ‘ಮಾನ್ಯ ಮುಖ್ಯಸ್ಥರೇ’ ಆದರು. ಓದಿ ನೋಡಿದರೆ ಅದು ಸುತ್ತೋಲೆಯಂತೆ ಇತ್ತು. ಪೊಲೀಸ್ ಇಲಾಖೆಯಿಂದ ಬಂದು ಸೇರಿದ ಟೊಗುಸಾ ಮೇಲಧಿಕಾರಿಯೊಡನೆ ಮಾತನಾಡುವಾಗ ಇಟ್ಟುಕೊಳ್ಳುವ ವಿನಯಕ್ಕೂ, ಕುಸಾನಗಿ ಸಮಾನಳಂತೆ ನೇರವಾಗಿ ಮಾತನಾಡುವುದಕ್ಕೂ ನಡುವಿನ ಅಂತರ ಪೂರ್ತಿ ಮುಚ್ಚಿಹೋಯಿತು.

ಇದಲ್ಲದೆ ಅರಮಾಕಿಯವರ ಜಪಾನಿಯಲ್ಲಿ ಇನ್ನೊಂದು ಗುಣವಿದೆ. ನಿಷೇಧವನ್ನು ಹೇಳುವಾಗ ಕ್ರಿಯಾಪದದ ಕೊನೆಗೆ ಈಗಿನ ಸಾಮಾನ್ಯ ರೂಪದ ಬದಲು ‘ನ್’ ಎಂಬ ಹಳೆಯ ಚಾಲಿನ ರೂಪವನ್ನು ಅವರು ಬಳಸುತ್ತಾರೆ. ಕಥೆಗಳಲ್ಲಿ ವಯಸ್ಸಾದ ಗಂಡಸರ ಬಾಯಲ್ಲಿ ಬರುವ ರೂಪ ಅದು, ಕೇಳಿದ ಕೂಡಲೇ ವಯಸ್ಸನ್ನು ಹೇಳಿಬಿಡುತ್ತದೆ. ಅದಕ್ಕೆ ಸಮನಾಗಿ ನಾವು ‘ಇಲ್ಲ ಕಣಯ್ಯ’, ‘ಆಗೋದಿಲ್ಲ ಕಣಯ್ಯ’ ಎಂದು ಬರೆದು ನೋಡಿದೆವು. ವಯಸ್ಸು ಬಂತು. ಅದರ ಜೊತೆಗೆ ಊರಿನ ಜಗಲಿ, ವೀಳ್ಯದೆಲೆಯ ತಟ್ಟೆಯೂ ಬಂದವು. ಭವಿಷ್ಯದ ಜಪಾನಿನ ಅಧಿಕಾರಿ ಹಳೇ ಮೈಸೂರು ಸೀಮೆಯ ಗೌಡರಾಗಿ ಕೂತರು. ಒಂದೇ ಸಂಜೆಯಲ್ಲಿ ಆ ‘ಕಣಯ್ಯ’ಗಳನ್ನೆಲ್ಲ ಹೊಡೆದುಹಾಕಿದೆವು.

ಆ ಸಂಜೆಯೇ ಸಮಯ ಹೊಂದಿಸುವ ಯುವಕ ಒಂದು ಮಾತು ಹೇಳಿದ. ನಾವೆಲ್ಲ ತಿಂಗಳಿನಿಂದ ತಂಡದ ಇನ್ನೊಬ್ಬ ಸದಸ್ಯ ಬಾಟೊನನ್ನು ‘ಅವನು’ ಎನ್ನುತ್ತಿದ್ದೇವೆ, ಕುಸಾನಗಿಯನ್ನು ‘ಅವಳು’ ಎನ್ನುತ್ತಿದ್ದೇವೆ, ಅರಮಾಕಿಯವರನ್ನು ಮಾತ್ರ ‘ಅವರು’ ಎನ್ನುತ್ತಿದ್ದೇವೆ. ಹಾಗೆ ಕರೆಯೋಣ ಎಂದು ಯಾರೂ ಹೇಳಿರಲಿಲ್ಲ. ಗದರುವ ಮನುಷ್ಯನನ್ನು ಬರೆಯುತ್ತಿದ್ದ ದಿನಗಳಲ್ಲಿಯೂ ನಮ್ಮ ಬಾಯಿಗೆ ಬಂದದ್ದು ಗೌರವದ ಬಹುವಚನವೇ ಆಗಿತ್ತು. ಮರ್ಯಾದೆ ಅವರ ಮಾತಿನ ಪ್ರತ್ಯಯದಲ್ಲಿ ಇರದೆ ಬೇರೆಲ್ಲೋ ಇದೆ ಎಂಬುದಕ್ಕೆ ಅದು ಮೊದಲ ಸುಳಿವು. ಆದರೆ ಎಲ್ಲಿ ಎಂಬುದು ಗೊತ್ತಾಗಲಿಲ್ಲ, ಮೂರು ವಾರ ಕೆಲಸ ನಿಂತಿತು.

ಮಾವನವರು ನೋಡಿದ್ದು

ಅನುವಾದಕಿಯ ಸೋದರಮಾವ ರಾಜ್ಯ ಸರ್ಕಾರದ ಸೇವೆಯಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದವರು. ಅನಿಮೆ ಎಂಬ ಪದವನ್ನೇ ಅವರು ಕೇಳಿರಲಿಲ್ಲ. ಸೊಸೆಯ ಲ್ಯಾಪ್‌ಟಾಪಿನಲ್ಲಿ ಅಕ್ಷರಗಳನ್ನು ತೆಗೆದು, ದನಿ ಮಾತ್ರ ಇಟ್ಟು, ಸರಣಿಯ ಬೇರೊಂದು ಕಂತಿನ ಕಚೇರಿ ದೃಶ್ಯಗಳನ್ನು ನೋಡಿದರು. ಅರಮಾಕಿಯವರು ಮೇಜಿನ ಮೇಲೆ ಕೈ ಕಟ್ಟಿ ಕುಳಿತು ತಂಡದವರು ಹೇಳುವುದನ್ನು ಕೇಳುವ ಜಾಗದಲ್ಲಿ ಚಿತ್ರವನ್ನು ನಿಲ್ಲಿಸಲು ಹೇಳಿ, ಕನ್ನಡಕವನ್ನು ಹಣೆಗೆ ಏರಿಸಿ ಪರದೆಯ ಹತ್ತಿರಕ್ಕೆ ಬಗ್ಗಿದರು.

‘ನೋಡಮ್ಮ, ಇವರು ಯಾರಿಗೂ ಕೆಲಸ ಹೇಳ್ತಾ ಇಲ್ಲ. ಕೆಲಸದ ಬಗ್ಗೆ ಹೇಳ್ತಾ ಇದಾರೆ’ ಎಂದರು.

‘ಹಾಗಂದ್ರೆ ಏನು ಮಾವ?’

‘ನಮ್ಮ ಸಾಹೇಬರೊಬ್ಬರು ಇದ್ದರು. ಇಷ್ಟು ವರ್ಷದಲ್ಲಿ ನನಗೆ ಒಂದು ದಿನವೂ ಆ ಫೈಲು ತಾ ಅಂತಲೂ ಹೇಳಲಿಲ್ಲ, ತನ್ನಿ ಅಂತಲೂ ಹೇಳಲಿಲ್ಲ. ಫೈಲು ಬರಲಿ ಅನ್ನೋರು. ಅಷ್ಟೇ. ನಾವು ಓಡ್ತಿದ್ವಿ.’

ಈ ಸಣ್ಣ ಸಂಭಾಷಣೆಯನ್ನು ಅನುವಾದಕಿ ಅಂದೇ ರಾತ್ರಿ ನಮಗೆಲ್ಲ ಬರೆದು ಕಳಿಸಿದರು. ಶಾಲೆಯ ವ್ಯಾಕರಣದಲ್ಲಿ ವಿಧ್ಯರ್ಥದ ಪ್ರಥಮ ಪುರುಷವೆಂದು ಕಲಿತ ‘ಬರಲಿ, ಆಗಲಿ, ಹೋಗಲಿ’ ಎಂಬ ರೂಪ ನಮ್ಮ ಕಚೇರಿಗಳಲ್ಲಿ ಆಜ್ಞೆಯ ಅತ್ಯಂತ ಗಟ್ಟಿಯಾದ ರೂಪವಾಗಿ ಬಳಕೆಯಲ್ಲಿದೆ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಅದನ್ನು ನಾವು ಯಾರೂ ಹುಡುಕಿರಲಿಲ್ಲ. ಅದರಲ್ಲಿ ಆಜ್ಞೆ ಕೊಡುವವರೂ ಕಾಣಿಸುವುದಿಲ್ಲ, ಪಾಲಿಸುವವರೂ ಕಾಣಿಸುವುದಿಲ್ಲ, ಆಗಬೇಕಾದ ಕೆಲಸ ಮಾತ್ರ ಕಾಣಿಸುತ್ತದೆ. ‘ನೀನು’ ಮತ್ತು ‘ನೀವು’ಗಳ ನಡುವೆ ಸಿಕ್ಕಿಕೊಂಡಿದ್ದ ನಮಗೆ ಎರಡೂ ಬೇಡದ ದಾರಿ ಕನ್ನಡದೊಳಗೇ ಇತ್ತು.

ಮೂರನೆಯ ಕರಡನ್ನು ಇದರ ಮೇಲೆ ಕಟ್ಟಿದೆವು. ‘ನೀವು ವರದಿಯನ್ನು ಸಂಜೆಯೊಳಗೆ ನನಗೆ ಸಲ್ಲಿಸಿ’ ಎಂದಿದ್ದದ್ದು ‘ವರದಿ ಸಂಜೆಗೆ ಬರಲಿ’ ಆಯಿತು. ಐದು ಪದ ಮೂರಾಯಿತು. ಸಬ್‌ಟೈಟಲ್ ಬರೆಯುವವರಿಗೆ ಇದು ಸಣ್ಣ ಲಾಭವಲ್ಲ. ಕನ್ನಡದ ಪದಗಳು ಪ್ರತ್ಯಯ ಸೇರಿ ಉದ್ದವಾಗುತ್ತವೆ, ಒತ್ತಕ್ಷರಗಳು ಸಾಲಿನ ಕೆಳಗೂ ಜಾಗ ಕೇಳುತ್ತವೆ, ಎರಡು ಸಾಲು ಮೀರಿದರೆ ನೋಡುವವರು ಮುಖವನ್ನು ಬಿಟ್ಟು ಅಕ್ಷರವನ್ನೇ ನೋಡುತ್ತ ಕೂರಬೇಕಾಗುತ್ತದೆ. ಕಾಚೋ ಎಂಬುದಕ್ಕೆ ಟೊಗುಸಾನ ಬಾಯಲ್ಲಿ ‘ಸರ್’ ಎಂದೇ ಇಟ್ಟೆವು, ನಮ್ಮ ಠಾಣೆಗಳಲ್ಲಿ ಕಚೇರಿಗಳಲ್ಲಿ ಎಲ್ಲರೂ ಹೇಳುವ ಪದ ಅದೇ ಆದ್ದರಿಂದ. ಕುಸಾನಗಿಯ ಬಾಯಲ್ಲಿ ಸಂಬೋಧನೆಯನ್ನು ಕಡಿಮೆ ಮಾಡಿ, ‘ನೀವು’ ಉಳಿಸಿ, ವಾಕ್ಯವನ್ನು ಮೊಟಕಾಗಿಸಿದೆವು. ಅವಳು ಒಬ್ಬಳೇ ಅವರಿಗೆ ಎದುರು ಪ್ರಶ್ನೆ ಕೇಳುವವಳು ಎಂಬುದು ಅದರಿಂದ ತಾನಾಗಿ ಕಂಡಿತು.

ಬ್ಯಾಂಕಿನೊಳಗೆ

ಇಷ್ಟಾದಮೇಲೂ ನಮ್ಮ ಕಂತು ಒಪ್ಪಲಿಲ್ಲ, ಏಕೆಂದರೆ ಅದರ ಮುಖ್ಯ ಕಥೆ ನಡೆಯುವುದು ಕಚೇರಿಯಲ್ಲಿ ಅಲ್ಲ. ಅರಮಾಕಿಯವರು ಕುಸಾನಗಿಯೊಡನೆ ಲಂಡನ್ನಿಗೆ ಸಮ್ಮೇಳನಕ್ಕೆಂದು ಹೋಗಿರುತ್ತಾರೆ. ವೈನನ್ನು ಹೂಡಿಕೆಯಾಗಿ ಕಾಪಿಡುವ ಬ್ಯಾಂಕೊಂದನ್ನು ನಡೆಸುವ ಹಳೆಯ ಪರಿಚಿತೆ, ಸೀಮೋರ್ ಎಂಬಾಕೆಯನ್ನು ನೋಡಲು ಒಬ್ಬರೇ ಹೋದಾಗ ಇಬ್ಬರು ದರೋಡೆಕೋರರು ನುಗ್ಗಿ ಅವರನ್ನು ಒತ್ತೆಯಾಗಿ ಹಿಡಿಯುತ್ತಾರೆ. ಆ ಬ್ಯಾಂಕಿನಲ್ಲಿ ಮಾಫಿಯಾದ ಹಣ ಇದೆ ಎಂಬುದನ್ನು ಬಯಲಿಗೆಳೆಯುವುದು ದರೋಡೆಕೋರರ ಉದ್ದೇಶ. ಹೊರಗೆ ಸುತ್ತುವರಿದ ಪೊಲೀಸರಲ್ಲಿ ಭ್ರಷ್ಟರಾದವರಿಗೆ ಒಳಗಿರುವ ಎಲ್ಲರೂ ಸತ್ತರೇ ಅನುಕೂಲ. ಇದು ತಿಳಿದಮೇಲೆ ಅರಮಾಕಿಯವರು ತಮ್ಮನ್ನು ಹಿಡಿದವರ ಜೊತೆಗೇ ಸೇರಿ ಎಲ್ಲರನ್ನೂ ಬದುಕಿಸುವ ದಾರಿ ಹುಡುಕುತ್ತಾರೆ.

ಇಲ್ಲಿ ‘ಬರಲಿ’ ಎಂದರೆ ಓಡುವವರು ಯಾರೂ ಇಲ್ಲ. ಹುದ್ದೆ ಇಲ್ಲ, ಮೇಜು ಇಲ್ಲ, ಎದುರಿಗೆ ಬಂದೂಕು ಇದೆ. ಬಂದೂಕು ಹಿಡಿದವರು ಅವರಿಗಿಂತ ತುಂಬ ಚಿಕ್ಕವರು ಮತ್ತು ಹೆದರಿದವರು. ಮೂರನೆಯ ಕರಡಿನಲ್ಲಿ ನಾವು ಯಾಂತ್ರಿಕವಾಗಿ ‘ಬಾಗಿಲು ಮುಚ್ಚಲಿ, ದೀಪ ಆರಲಿ’ ಎಂದು ಬರೆದಿದ್ದೆವು. ಓದಿದ ಮಾವನವರು ತಲೆ ಅಲ್ಲಾಡಿಸಿ, ಇದು ಮಠದ ಸ್ವಾಮಿಗಳು ಆಶೀರ್ವಾದ ಮಾಡಿದ ಹಾಗಿದೆ ಎಂದರು. ‘ಒಳ್ಳೆಯದಾಗಲಿ’, ‘ಹಾಳಾಗಿ ಹೋಗಲಿ’ ಎಂದು ಹರಸುವುದಕ್ಕೂ ಶಪಿಸುವುದಕ್ಕೂ ಅದೇ ರೂಪ ಬಳಕೆಯಾಗುವುದರಿಂದ, ಹಿಂದೆ ಅಧಿಕಾರ ಇಲ್ಲದಿದ್ದರೆ ಅದು ಬರಿಯ ಹಾರೈಕೆಯಾಗಿ ಉಳಿಯುತ್ತದೆ.

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಅತಿ ಮುಖ್ಯವಾದ ತೀರ್ಮಾನ ಇಲ್ಲಿ ಆಯಿತು. ಕಚೇರಿಯ ದೃಶ್ಯಗಳಲ್ಲಿ ಅರಮಾಕಿಯವರ ಮಾತಿನಿಂದ ‘ನಾನು’ ಎಂಬ ಪದವನ್ನು ಸಾಧ್ಯವಾದಷ್ಟು ತೆಗೆಯುವುದು, ಹೊಣೆ ಹೊರುವ ಕ್ಷಣಗಳಲ್ಲಿ ಮಾತ್ರ ಇಡುವುದು ಎಂದು ಗೊತ್ತುಮಾಡಿಕೊಂಡೆವು. ಪಾತ್ರದ ನಡವಳಿಕೆಯೇ ಇದಕ್ಕೆ ಆಧಾರ. ಮೊದಲ ಸರಣಿಯ ಕೊನೆಯಲ್ಲಿ ಸರ್ಕಾರವೇ ಸೇನೆಯ ವಿಶೇಷ ತುಕಡಿಯನ್ನು ವಿಭಾಗ 9ರ ಮೇಲೆ ಬಿಟ್ಟು ಅದನ್ನು ಚದುರಿಸಿದಾಗಲೂ, ಮೇಲಿನವರ ಎದುರು ನಿಲ್ಲುವ ಕೆಲಸವನ್ನು ಅವರು ತಮ್ಮ ಮೇಲೆಯೇ ಹಾಕಿಕೊಳ್ಳುತ್ತಾರೆ. ಕೆಲಸ ಹೇಳುವಾಗ ಮರೆಯಾಗುವ ಮನುಷ್ಯ ಪೆಟ್ಟು ಬೀಳುವಾಗ ಮುಂದೆ ಬರುತ್ತಾರೆ ಎಂದಮೇಲೆ, ಬ್ಯಾಂಕಿನೊಳಗಿನ ಭಾಷೆ ‘ನಾನು’ ಇಂದ ಶುರುವಾಗಬೇಕಿತ್ತು. ದರೋಡೆಕೋರರೊಡನೆ ಅವರು ಆಡುವ ಮಾತುಗಳನ್ನು ‘ನಾನು ನೋಡಿಕೊಳ್ಳುತ್ತೇನೆ, ನೀವು ಇಷ್ಟು ಮಾಡಿ’ ಎಂಬ ಧಾಟಿಗೆ ತಂದೆವು. ಹುಡುಗರಿಗೆ ‘ನೀವು’ ಏಕೆ ಎಂದು ನಾನು ವಾದಿಸಿದೆ. ಬಂದೂಕು ಹಿಡಿದು ನಡುಗುವವನಿಗೆ ಮರ್ಯಾದೆ ಕೊಟ್ಟರೆ ಅವನ ಕೈ ನಿಲ್ಲುತ್ತದೆ ಎಂದು ಅನುವಾದಕಿ ಹೇಳಿದರು. ಅವರ ಮಾತೇ ನಿಂತಿತು. ಒಂದೇ ಒಂದು ಕಡೆ, ಅಪಾಯ ಎಲ್ಲರಿಗೂ ಒಂದೇ ಎಂಬುದು ಸ್ಪಷ್ಟವಾದಮೇಲೆ, ‘ನೋಡಪ್ಪ’ ಎಂಬ ಸಂಬೋಧನೆ ಬಂದಿದೆ. ಆ ಒಂದು ‘ಅಪ್ಪ’ದಲ್ಲಿ, ‘ಕಣಯ್ಯ’ದಲ್ಲಿ ನಮಗೆ ಸಿಗದಿದ್ದ ವಯಸ್ಸು ಸಿಕ್ಕಿತು.

ಸೀಮೋರ್ ವಿಷಯದಲ್ಲಿ ಜಗಳವೇ ಆಯಿತು. ಕಂತಿನ ಜಪಾನಿ ಹೆಸರಿನ ಅರ್ಥ ‘ಮುಗಿಯದ ಪ್ರೇಮಕಥೆಯೊಂದರ ನಿಜ’ ಎಂಬುದು. ಇಂಗ್ಲಿಷ್ ಹೆಸರಿನ ಅರ್ಥ ‘ದೇವತೆಗಳ ಪಾಲು’, ಪೀಪಾಯಿಯಲ್ಲಿ ಮಾಗುತ್ತಿರುವಾಗ ಗಾಳಿಗೆ ಆರಿಹೋಗುವ ಮದ್ಯದ ಅಂಶಕ್ಕೆ ಇರುವ ಹೆಸರು. ಹಾಗಿರುವಾಗ ಇಬ್ಬರೂ ‘ನೀನು’ ಎಂದರೆ ಸಲುಗೆ ಕಾಣುತ್ತದೆ ಎಂದು ಯುವಕನ ವಾದ. ಅನುವಾದಕಿ ಒಪ್ಪಲಿಲ್ಲ. ಮುಗಿಯದೆ ಉಳಿದದ್ದನ್ನು ‘ನೀನು’ ಮುಗಿಸಿಬಿಡುತ್ತದೆ, ‘ನೀವು’ ಎಂದರೆ ಮಾತ್ರ ಅದು ಮುಗಿಯದೆ ಉಳಿಯುತ್ತದೆ ಎಂದರು. ಎರಡು ವಿಧದಲ್ಲೂ ಸಾಲುಗಳನ್ನು ಹಾಕಿ ದೃಶ್ಯವನ್ನು ನೋಡಿದೆವು. ಎರಡನೆಯ ಸಲ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ‘ನೀವು’ ಉಳಿಯಿತು.

ಎರಡನೆಯ ಪ್ರದರ್ಶನ ಮತ್ತು ಉಳಿದ ಕೆಲಸ

ಮೊದಲು ನೋಡಿದ ಏಳು ಜನರಲ್ಲಿ ಆರು ಮಂದಿ ಮತ್ತೆ ಬಂದರು. ಅಕ್ಷರದ ಮನುಷ್ಯ ಬೇರೆ ಎಂದಿದ್ದವರು ಈ ಸಲ ಸಬ್‌ಟೈಟಲಿನ ಬಗ್ಗೆ ಏನನ್ನೂ ಹೇಳದೆ, ಸೀಮೋರ್ ಕೊನೆಗೆ ಏನಾದಳು ಎಂದು ಚರ್ಚಿಸುತ್ತ ಕುಳಿತರು. ನಮಗೆ ಬೇಕಾಗಿದ್ದ ಉತ್ತರ ಅದೇ. ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಇಬ್ಬರಿಗೆ ಆರಂಭದ ಭಾಗ ನಿಧಾನವೆನಿಸಿತು, ಒಬ್ಬರಿಗೆ ‘ಸರ್’ ಎಂಬುದು ಕನ್ನಡ ಸಿನಿಮಾದ ಪೊಲೀಸ್ ಠಾಣೆಯನ್ನು ನೆನಪಿಸಿತು. ಅದಕ್ಕಿಂತ ಒಳ್ಳೆಯ ಪದ ಇಂದಿಗೂ ನಮಗೆ ಸಿಕ್ಕಿಲ್ಲ. 2017ರಲ್ಲಿ ಹಾಲಿವುಡ್ ತೆಗೆದ ಚಿತ್ರದಲ್ಲಿ ಅರಮಾಕಿಯಾಗಿ ನಟಿಸಿದ ತಾಕೇಶಿ ಕಿತಾನೊ ಮಾತ್ರ ಜಪಾನಿಯಲ್ಲಿಯೇ ಮಾತನಾಡುತ್ತಾರೆ, ಉಳಿದವರು ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ಈ ನಾಲ್ಕು ತಿಂಗಳಾದಮೇಲೆ ಆ ಏರ್ಪಾಡು ನನಗೆ ಮೊದಲಿನಷ್ಟು ವಿಚಿತ್ರವಾಗಿ ಕಾಣುವುದಿಲ್ಲ.

ಇಂಥ ಕೆಲಸಕ್ಕೆ ಕೈಹಾಕುವವರಿಗೆ ನಮ್ಮ ತಪ್ಪುಗಳಿಂದ ಸಿಗುವುದು ಇಷ್ಟು: ಮಧ್ಯದ ಭಾಷೆಯಿಂದ ಅಧಿಕಾರದ ಮಾತನ್ನು ತರಲು ಹೋಗಬಾರದು, ಸಂಬೋಧನೆಯನ್ನು ಪಾತ್ರಕ್ಕೆ ಒಂದರಂತೆ ಹಂಚದೆ ಸನ್ನಿವೇಶಕ್ಕೆ ತಕ್ಕಂತೆ ನೋಡಬೇಕು, ಮತ್ತು ಆ ಕಲೆಯನ್ನೇ ಕಾಣದ, ಆದರೆ ಆ ಬದುಕನ್ನು ಕಂಡ ಒಬ್ಬರಿಗೆ ಅಕ್ಷರವಿಲ್ಲದೆ ದೃಶ್ಯವನ್ನು ತೋರಿಸಬೇಕು. ಮೂರನೆಯದನ್ನು ಮೊದಲೇ ಮಾಡಿದ್ದರೆ ನಮಗೆ ಎರಡು ತಿಂಗಳಾದರೂ ಉಳಿಯುತ್ತಿತ್ತು.

ಈಗ ಅದೇ ಸರಣಿಯಿಂದ ಅರಮಾಕಿಯವರ ಅತಿ ಹೆಸರಾದ ಮಾತೊಂದು ನಮ್ಮ ಮುಂದಿದೆ. ಅದರಲ್ಲಿ ‘ಟೀಮ್ ಪ್ಲೇ’, ‘ಸ್ಟ್ಯಾಂಡ್ ಪ್ಲೇ’, ‘ಟೀಮ್ ವರ್ಕ್’ ಎಂಬ ಮೂರು ಎರವಲು ಪದಗಳಿವೆ. ನಡುವಿನದು ಜಪಾನಿಯರು ಇಂಗ್ಲಿಷಿನಿಂದ ಪಡೆದು ತಮ್ಮಂತೆ ಬದಲಾಯಿಸಿಕೊಂಡದ್ದು, ಒಬ್ಬನೇ ಮುಂದೆ ಬಿದ್ದು ಆಡುವ ಆಟ ಎಂಬ ಅರ್ಥದ್ದು. ಅನುವಾದಕಿ ಬರೆದದ್ದು ಹೀಗೆ: ‘ಒಟ್ಟಾಗಿ ಆಡುತ್ತೇವೆ ಎಂಬ ಅನುಕೂಲದ ನೆಪ ನಮ್ಮಲ್ಲಿ ಇಲ್ಲ. ಒಬ್ಬೊಬ್ಬರೂ ತಮ್ಮಷ್ಟಕ್ಕೆ ಮುನ್ನುಗ್ಗಿದಾಗ ಹುಟ್ಟುವ ಹೊಂದಾಣಿಕೆ ಇದ್ದರೆ ಇದೆ, ಅಷ್ಟೇ.’ ಹಾಳೆಯನ್ನು ಮಾವನವರಿಗೆ ಕೊಟ್ಟೆವು. ಅವರು ಪೆನ್ಸಿಲ್ಲಿನಿಂದ ‘ನಮ್ಮಲ್ಲಿ’ ಎಂಬುದರ ಸುತ್ತ ಗೆರೆ ಎಳೆದು, ‘ಇದನ್ನು ತೆಗೀಬೇಡಿ, ಇಲ್ಲಿ ಅವರೂ ಸೇರಿದಾರೆ’ ಎಂದು ಪಕ್ಕದಲ್ಲಿ ಬರೆದು ಹಿಂದಿರುಗಿಸಿದ್ದಾರೆ.